ರಾಯರ ಕುಲಾವಿ

(ರಂಗಭೂಮಿಯ ವಸ್ತ್ರವಿನ್ಯಾಸ ಕಲಿಯುತ್ತಿರುವ ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಈ ಮೇಜಿನ ಮೇಲೆ ಏನೇನಿದೆ ಎಂಬುದು ಹಿಂದಿನ ಸಾಲಿನವರಿಗೆ ಕಾಣುತ್ತಿರಲಾರದು. ಕೆಲವು ಪುಸ್ತಕಗಳಿವೆ, ಒಂದು ಕತ್ತರಿ, ಒಂದು ಟೇಪು, ಮತ್ತು ಮಗುವಿನ ಒಂದು ಕುಲಾವಿ. ಕುಲಾವಿ ನನ್ನದೇ. ನಾನು ಮೂರು ತಿಂಗಳ ಕೂಸಾಗಿದ್ದಾಗ ಅಜ್ಜಿ ಹೊಲಿದದ್ದು. ಅದು ಇಲ್ಲಿಗೆ ಯಾಕೆ ಬಂತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ನನಗೆ ಆದ ಒಂದು ಅವಮಾನದ ಕತೆ ಕೇಳಿ.

ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ತಂಡ ಕೃಷ್ಣದೇವರಾಯನ ಕುರಿತ ನಾಟಕವೊಂದನ್ನು ಆಡಿತು. ಉಡುಪಿನ ಹೊಣೆ ನನ್ನದು. ಆಗ ನನ್ನ ಬಳಿ ಇದ್ದ ಆಕರ ಒಂದೇ, ತಲೆಯೊಳಗೆ ಮೊದಲಿನಿಂದ ಕೂತಿದ್ದ ಚಿತ್ರ. ಮಖಮಲ್ಲಿನ ಮೇಲಂಗಿ, ಅದಕ್ಕೆ ಜರಿಯ ಅಂಚು, ರಟ್ಟಿನ ಮೇಲೆ ಚಿನ್ನದ ಕಾಗದ ಅಂಟಿಸಿದ ಕಿರೀಟ, ಮೂತಿ ಮೇಲಕ್ಕೆ ಬಾಗಿದ ಮೋಜಡಿ. ಹರಿಶ್ಚಂದ್ರನಿಗೂ ಅದೇ, ದುರ್ಯೋಧನನಿಗೂ ಅದೇ, ರಾಯನಿಗೂ ಅದೇ. ಜನ ಚಪ್ಪಾಳೆ ತಟ್ಟಿದರು. ನಾಟಕ ಮುಗಿದ ಮೇಲೆ ಇತಿಹಾಸದ ನಿವೃತ್ತ ಮೇಷ್ಟ್ರೊಬ್ಬರು ಚೌಕಿಗೆ ಬಂದು ನನ್ನನ್ನು ಹುಡುಕಿ ಕೇಳಿದರು: “ರಾಯರು ಬಹಳ ಚೆನ್ನಾಗಿದ್ದರು. ಯಾವ ವರ್ಷದ ಕ್ಯಾಲೆಂಡರಿನವರು?”

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಮೇಷ್ಟ್ರೇ ಒಂದು ಪುಸ್ತಕ ಕಳುಹಿಸಿಕೊಟ್ಟರು. ರಾಬರ್ಟ್ ಸೀವೆಲ್ 1900ರಲ್ಲಿ ಹೊರತಂದ ವಿಜಯನಗರದ ಇತಿಹಾಸ. ಅದರ ಕೊನೆಯಲ್ಲಿ ಇಬ್ಬರು ಪೋರ್ಚುಗೀಸರ ಬರಹಗಳ ಅನುವಾದವಿದೆ. 1520ರ ಸುಮಾರಿಗೆ ರಾಯನನ್ನು ಕಣ್ಣಾರೆ ಕಂಡ ಡೊಮಿಂಗೊ ಪಾಯಸ್ ಒಬ್ಬ, ಹದಿನೈದು ವರ್ಷಗಳ ನಂತರ ಅಚ್ಯುತರಾಯನ ಕಾಲದಲ್ಲಿ ಬರೆದ ನೂನಿಜ್ ಇನ್ನೊಬ್ಬ. ಇತಿಹಾಸದ ವಿದ್ಯಾರ್ಥಿಗಳು ಇವರಲ್ಲಿ ಯುದ್ಧ, ತೆರಿಗೆ, ಕುದುರೆ ವ್ಯಾಪಾರಗಳನ್ನು ಹುಡುಕುತ್ತಾರೆ. ನಾನು ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಓದಿದೆ.

ಪಾಯಸ್ ಹೇಳುವುದು ಇಷ್ಟು. ದೊರೆ ಮಧ್ಯಮ ಎತ್ತರದವನು, ತೆಳ್ಳಗಿರುವುದಕ್ಕಿಂತ ತುಸು ದಪ್ಪವೇ, ಮುಖದ ಮೇಲೆ ಸಿಡುಬಿನ ಕಲೆಗಳಿವೆ. ಮೈಮೇಲೆ ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿಯ ವಸ್ತ್ರ. ಕೊರಳಲ್ಲಿ ವಜ್ರದ ಆಭರಣ. ತಲೆಯ ಮೇಲೆ ಜರತಾರಿಯ ಟೋಪಿ, ಗಲೀಸಿಯಾದವರ ಶಿರಸ್ತ್ರಾಣದ ಹಾಗಿರುವಂಥದ್ದು, ಅದರ ಮೇಲೆ ನವಿರಾದ ರೇಷ್ಮೆ ಬಟ್ಟೆ. ಕಾಲು ಬರಿಗಾಲು.

ಬಿಳಿ! ನಾನು ಕಡುಗೆಂಪು ಮಖಮಲ್ಲು ತೊಡಿಸಿದ್ದೆ. ಟೋಪಿ! ನಾನು ಕಿರೀಟ ಇಟ್ಟಿದ್ದೆ. ಬರಿಗಾಲು! ಮೋಜಡಿಗೆ ನಾನು ಕೊಟ್ಟ ದುಡ್ಡನ್ನು ನೆನೆದು ಹೊಟ್ಟೆ ಉರಿಯಿತು. ದೊರೆ ಇರುವಲ್ಲಿಗೆ ಯಾರೂ ಪಾದರಕ್ಷೆ ತೊಟ್ಟು ಹೋಗುವಂತಿಲ್ಲ ಎಂದು ಪಾಯಸ್ ಸ್ಪಷ್ಟವಾಗಿ ಬರೆದಿದ್ದಾನೆ. ಎಂಟು ಜನ ಆಸ್ಥಾನಿಕರ ಎಂಟು ಜೊತೆ ಮೋಜಡಿಯ ಖರ್ಚನ್ನು ಒಂದು ಸಾಲು ಉಳಿಸಿಕೊಡುತ್ತಿತ್ತು. ಪುಸ್ತಕ ದುಬಾರಿ ಎನ್ನುವ ನಿರ್ಮಾಪಕರಿಗೆ ಈ ಲೆಕ್ಕವನ್ನು ಹೇಳಿ.

ಆದರೆ ಇನ್ನೊಮ್ಮೆ ಓದಿ ನೋಡಿ. ‘ಚಿನ್ನದ ಗುಲಾಬಿ’ ಎಂದರೆ ಏನು? ಪಾಯಸ್ ನೋಡಿದ್ದು ನಿಜವಾಗಿ ಗುಲಾಬಿಯೋ, ದುಂಡಗಿನ ಎಸಳು ಹೂವೋ? ಅವನ ಕಣ್ಣು ಪೋರ್ಚುಗಲ್ಲಿನದು. ದುಂಡಗಿನ ಹೂವಿಗೆ ಅವನ ಬಾಯಲ್ಲಿ ಮೊದಲು ಬರುವ ಹೆಸರು ಗುಲಾಬಿಯೇ. ಅದನ್ನು ಹಾಗೆಯೇ ನಂಬಿ, ಕಾಂಡ ಮುಳ್ಳು ಸಮೇತ ವಿಲಾಯತಿ ಗುಲಾಬಿಯನ್ನು ರಾಯನ ಎದೆಯ ಮೇಲೆ ಕಸೂತಿ ಮಾಡಿಸಿದರೆ ಮೇಷ್ಟ್ರು ಮತ್ತೆ ಚೌಕಿಗೆ ಬರುತ್ತಾರೆ. ಹಾಗೆಯೇ ಗಲೀಸಿಯಾ ಸ್ಪೇನಿನ ವಾಯವ್ಯ ಮೂಲೆಯ ಪ್ರಾಂತ. ಅಲ್ಲಿಯ ಶಿರಸ್ತ್ರಾಣ ಹೇಗಿತ್ತೆಂದು ತಿಳಿಯಲು ಇನ್ನೊಂದು ಪುಸ್ತಕ ಬೇಕು. ಸಾಕ್ಷಿ ತನಗೆ ಗೊತ್ತಿದ್ದ ವಸ್ತುವಿಗೆ ಹೋಲಿಸಿ ಹೇಳುತ್ತಾನೆ. ಆ ವಸ್ತು ನಮಗೆ ಗೊತ್ತಿರುವುದಿಲ್ಲ.

ಇಲ್ಲಿ ನೂನಿಜ್ ನೆರವಿಗೆ ಬರುತ್ತಾನೆ. ದೊರೆಗಳು ತೊಡುವ ಜರತಾರಿ ಟೋಪಿಯ ಹೆಸರನ್ನೇ ಅವನು ಬರೆದಿಟ್ಟಿದ್ದಾನೆ: ‘ಕುಲಾಯೆ’. ಪೋರ್ಚುಗೀಸ್ ನಾಲಗೆಯ ಈ ಕುಲಾಯೆ ಯಾವುದು ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ನನ್ನ ತಾಯಿ ಪಕ್ಕದಲ್ಲಿ ಕೂತು ಬೀನ್ಸ್ ಸೋಸುತ್ತಿದ್ದರು. “ಕುಲಾವಿಯೇ ಇರಬೇಕು ಕಣೋ” ಎಂದರು. ಪಾರಸಿಯ ‘ಕುಲಾಹ್’ ನಮ್ಮಲ್ಲಿ ಕುಲಾಯಿ, ಕುಲ್ಲಾಯಿ, ಕುಲಾವಿ ಎಂದೆಲ್ಲ ಆಗಿ, ರಾಯರ ತಲೆಯಿಂದ ಇಳಿದು, ಐದು ಶತಮಾನ ಕಳೆದು ಕೂಸುಗಳ ತಲೆ ಸೇರಿದೆ. ಆಕಾರ ಬೇರೆಯಾಗಿದೆ, ಹೆಸರು ಉಳಿದಿದೆ. ನಿಮಗೆ ಬಟ್ಟೆಯ ಪುಸ್ತಕ ಸಿಗದಿದ್ದರೆ ಒಳ್ಳೆಯದೊಂದು ನಿಘಂಟನ್ನಾದರೂ ಇಟ್ಟುಕೊಳ್ಳಿ. 1894ರ ಕಿಟೆಲ್ ನಿಘಂಟನ್ನು ನಾನು ಎಷ್ಟು ಸಲ ತೆರೆದಿದ್ದೇನೋ ಅಷ್ಟು ಸಲ ಯಾವ ವಸ್ತ್ರ ಗ್ರಂಥವನ್ನೂ ತೆರೆದಿಲ್ಲ. ಅದರ ಪಕ್ಕದಲ್ಲಿ ಬೀನ್ಸ್ ಸೋಸುವ ತಾಯಿ ಇದ್ದರಂತೂ ಇನ್ನೂ ಒಳ್ಳೆಯದು.

ನೂನಿಜ್ ಇನ್ನೂ ಒಂದು ಮಾತು ಹೇಳುತ್ತಾನೆ. ಈ ಟೋಪಿ ಒಂದಕ್ಕೆ 20 ಕ್ರೂಜಾದೊ, ಅಂದರೆ ಪೋರ್ಚುಗೀಸರ 20 ಚಿನ್ನದ ನಾಣ್ಯ ಬೆಲೆ, ದೊರೆ ಒಮ್ಮೆ ಅದನ್ನು ತಲೆಯಿಂದ ತೆಗೆದರೆ ಮತ್ತೆ ತೊಡುವುದಿಲ್ಲ. ಇದನ್ನು ನಮ್ಮ ನಿರ್ದೇಶಕರಿಗೆ ಓದಿ ಹೇಳಿದೆ. ಮುಂದಿನ ಪ್ರಯೋಗದಲ್ಲಿ ರಾಯ ಟೋಪಿ ತೆಗೆದು ಪಕ್ಕಕ್ಕೆ ಕೈಚಾಚುತ್ತಾನೆ, ಸೇವಕ ಅದನ್ನು ಕೊಂಡೊಯ್ಯುತ್ತಾನೆ, ಮರುದೃಶ್ಯದಲ್ಲಿ ರಾಯನ ತಲೆಯ ಮೇಲೆ ಬೇರೆ ಟೋಪಿ. ಮಾತಿಲ್ಲ, ವಿವರಣೆಯಿಲ್ಲ. ಐಶ್ವರ್ಯವನ್ನು ತೋರಿಸಲು ನಮಗೆ ಬೇಕಾದದ್ದು ಎರಡು ಟೋಪಿ ಮಾತ್ರ.

ಸರಿ, ಟೋಪಿಯ ಆಕಾರ? ಅದು ಪುಸ್ತಕದಲ್ಲಿಲ್ಲ, ತಿರುಮಲೆಯಲ್ಲಿದೆ. ಅಲ್ಲಿ ತಿರುಮಲದೇವಿ, ಚಿನ್ನಾದೇವಿಯರ ನಡುವೆ ಕೈಮುಗಿದು ನಿಂತ ರಾಯನ ಲೋಹದ ಪ್ರತಿಮೆಯನ್ನು ನಿಮ್ಮಲ್ಲಿ ಎಷ್ಟೋ ಜನ ನೂಕುನುಗ್ಗಲಿನಲ್ಲಿ ನೋಡದೆಯೇ ದಾಟಿ ಹೋಗಿರುತ್ತೀರಿ. ತಲೆಯ ಮೇಲೆ ಎತ್ತರದ ಶಂಕುವಿನಾಕಾರದ ಕುಲ್ಲಾಯಿ. ಆದರೆ ಎದೆ ಬರಿದು, ಸೊಂಟಕ್ಕೆ ಪಂಚೆ. ಈಗ ಪಾಯಸ್ ಸುಳ್ಳೋ ಪ್ರತಿಮೆ ಸುಳ್ಳೋ? ಎರಡೂ ಅಲ್ಲ. ಒಂದು ಅರಮನೆ, ಇನ್ನೊಂದು ದೇವರ ಸನ್ನಿಧಿ. ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು 1996ರಲ್ಲಿ ವಿಜಯನಗರದ ಆಸ್ಥಾನದ ಉಡುಪಿನ ಬಗ್ಗೆಯೇ ಒಂದು ಪ್ರಬಂಧ ಬರೆದರು. ಕುಲ್ಲಾಯಿ ಮತ್ತು ಕಬಾಯಿ, ಅಂದರೆ ಎತ್ತರದ ಟೋಪಿ ಮತ್ತು ಉದ್ದನೆಯ ಹೊಲಿದ ನಿಲುವಂಗಿ, ಇವು ಇಸ್ಲಾಮೀ ಜಗತ್ತಿನ ಆಸ್ಥಾನಗಳಿಂದ ಬಂದ ರಾಜೋಡುಪು, ವಿಜಯನಗರದವರು ತಿಳಿದೇ ಅದನ್ನು ತಮ್ಮದಾಗಿಸಿಕೊಂಡರು ಎನ್ನುವುದು ಅವರ ವಾದ. ಲೇಪಾಕ್ಷಿಯ ವೀರಭದ್ರ ದೇವಾಲಯದ ಚಾವಣಿ ಚಿತ್ರಗಳಿಗೆ ಹೋದರೆ ಇದೇ ಟೋಪಿಯ ಗಂಡಸರು ಸಾಲುಗಟ್ಟಿ ನಿಂತಿದ್ದಾರೆ. ಅಚ್ಯುತರಾಯನ ಕಾಲದ ಚಿತ್ರಗಳು ಅವು. ಕತ್ತು ನೋಯುವವರೆಗೆ ನೋಡಿ. ಹೆಂಗಸರ ಸೀರೆಗಳ ಪಟ್ಟೆ, ಚೌಕಳಿ, ಹೂವಿನ ವಿನ್ಯಾಸಗಳು ಒಂದರಂತೆ ಒಂದಿಲ್ಲ.

ಈ ಮಾತಿನಿಂದ ಕೆಲವರಿಗೆ ಇರುಸುಮುರುಸಾಗುತ್ತದೆ ಎಂದು ನನಗೆ ಗೊತ್ತು. ‘ನಮ್ಮ ರಾಯರಿಗೆ ಪಾರಸಿ ಟೋಪಿಯೇ?’ ಎಂದು ಒಂದು ಊರಿನಲ್ಲಿ ಸಭಿಕರೊಬ್ಬರು ಎದ್ದು ನಿಂತು ಕೇಳಿದ್ದರು. ತಿರುಮಲೆಗೆ ಹೋಗಿ ನೋಡಿ ಬನ್ನಿ ಎಂದೆ. ಅದಕ್ಕಿಂತ ಹೆಚ್ಚು ವಾದ ಮಾಡುವುದು ದರ್ಜಿಯ ಕೆಲಸವಲ್ಲ.

ಅನುವಾದದ ಬಗ್ಗೆ ಒಂದು ಎಚ್ಚರಿಕೆ ಹೇಳಿ ಮುಂದಕ್ಕೆ ಹೋಗುತ್ತೇನೆ. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಅಬ್ದುರ್ ರಜಾಕ್ ಎಂಬ ಪಾರಸಿ ರಾಯಭಾರಿ ಬಂದಿದ್ದ. ಆತ ದೊರೆಯ ಮೈಮೇಲಿನ ನಿಲುವಂಗಿಯನ್ನು ವರ್ಣಿಸುತ್ತಾನೆ. 1857ರ ಒಂದು ಇಂಗ್ಲಿಷ್ ಅನುವಾದದಲ್ಲಿ ಅದು ‘ಹಸಿರು ಸ್ಯಾಟಿನ್’. ನಾನು ಖುಷಿಯಿಂದ ಹಸಿರು ಬಟ್ಟೆ ತಂದೆ. ಆಮೇಲೆ ಸೀವೆಲ್ ಉದ್ಧರಿಸಿದ ಇನ್ನೊಂದು ಅನುವಾದ ಕಣ್ಣಿಗೆ ಬಿತ್ತು. ಅಲ್ಲಿ ಅದು ‘ಜೈತೂನ್ ಸ್ಯಾಟಿನ್’. ಜೈತೂನ್ ಎಂದರೆ ಆಲಿವ್ ಕಾಯಿ, ಹಾಗಾಗಿ ಹಸಿರು ಎಂದು ಒಬ್ಬರು ಓದಿದರು. ಆದರೆ ಜೈತೂನ್ ಒಂದು ಊರಿನ ಹೆಸರೂ ಹೌದು. ಚೀನಾದ ಚ್ವಾನ್‌ಜೋ ಬಂದರನ್ನು ಅರಬ್ಬೀ ವ್ಯಾಪಾರಿಗಳು ಕರೆಯುತ್ತಿದ್ದುದು ಆ ಹೆಸರಿನಿಂದ. ಸ್ಯಾಟಿನ್ ಎಂಬ ಪದವೇ ಆ ಊರಿನಿಂದ ಹುಟ್ಟಿತೆಂದು ಹೇಳುತ್ತಾರೆ. ಹಾಗೆ ನೋಡಿದರೆ ರಜಾಕ್ ಹೇಳಿದ್ದು ಬಣ್ಣವನ್ನಲ್ಲ, ಬಟ್ಟೆ ಎಲ್ಲಿಂದ ಬಂತು ಎಂಬುದನ್ನು. ನನ್ನ ಹಸಿರು ಬಟ್ಟೆ ಕೊನೆಗೆ ಸೇವಕರ ಸೊಂಟಪಟ್ಟಿಯಾಯಿತು. ಅಂದಿನಿಂದ ಬಣ್ಣ ಎಂದರೆ ಎರಡು ಅನುವಾದ ನೋಡದೆ ಕತ್ತರಿ ಹಾಕುವುದಿಲ್ಲ.

ಚಿತ್ರಗಳೂ ಹೀಗೆಯೇ ಮೋಸ ಮಾಡುತ್ತವೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರ ಮೇನೆ ಮೆರವಣಿಗೆಯಿದೆ. ವಿಜಯನಗರದ ನಾಟಕವೆಂದರೆ ಎಲ್ಲರೂ ಮೊದಲು ಓಡುವುದು ಅಲ್ಲಿಗೆ. ಆದರೆ ಈಗ ಕಾಣುವ ಆ ಚಿತ್ರಗಳು ಸಾಮ್ರಾಜ್ಯ ಅಳಿದು ಎಷ್ಟೋ ಕಾಲದ ಮೇಲೆ ಬರೆದವು ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧವೂ ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಬಣ್ಣ ಕಂಡಿದೆ. ಮತ್ತೆ ಬಣ್ಣ ಬಳಿದವನು ಸೈನಿಕನ ಪೇಟದ ಸುತ್ತನ್ನು ಹಳೆಯ ಗೆರೆಯ ಮೇಲೆಯೇ ಎಳೆದನೋ, ತನ್ನ ಕಾಲದ ಪೇಟವನ್ನು ನೆನೆದು ಎಳೆದನೋ? ಶಿಲ್ಪದ ಕಷ್ಟವೇ ಬೇರೆ. ಬೇಲೂರಿನ ಮದನಿಕೆಯರ ಮೈಮೇಲೆ ಆಭರಣದ ಪ್ರತಿ ಮಣಿಯೂ ಎಣಿಕೆಗೆ ಸಿಗುತ್ತದೆ, ಬಟ್ಟೆ ಮಾತ್ರ ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದ ನಾಟಕ ಮಾಡುವವರಿಗೆ ಒಂದು ಮಾತು. ನಿಮ್ಮದೇ ಊರಿನ ದೊರೆ, ಚಾಲುಕ್ಯ ಮೂರನೆಯ ಸೋಮೇಶ್ವರ, 1130ರ ಆಸುಪಾಸಿನಲ್ಲಿ ‘ಮಾನಸೋಲ್ಲಾಸ’ವನ್ನು ಬರೆಸಿದ್ದಾನೆ. ನೂರು ಅಧ್ಯಾಯಗಳ ಆ ಸಂಸ್ಕೃತ ಗ್ರಂಥದಲ್ಲಿ ವಸ್ತ್ರೋಪಭೋಗಕ್ಕೇ ಒಂದು ಅಧ್ಯಾಯವಿದೆ. ಯಾವ ಯಾವ ದೇಶದ ಬಟ್ಟೆ, ಎಂಥ ಬಣ್ಣ, ಯಾವ ಋತುವಿಗೆ ಯಾವುದು ಎಂದೆಲ್ಲ ಪಟ್ಟಿಯಿದೆ. ಬಟ್ಟೆ ಅಂಗಡಿಗೆ ಹೋಗುವ ಮುಂಚೆ ಓದಲು ಅದಕ್ಕಿಂತ ಒಳ್ಳೆಯದಿಲ್ಲ. ಹೊಲಿಯಲು ಕೂತಾಗ ಮಾತ್ರ ಅದು ಕೈಕೊಡುತ್ತದೆ. ದೊರೆಗಳು ಬಟ್ಟೆ ತೊಡುತ್ತಿದ್ದರೇ ಹೊರತು ಕತ್ತರಿಸುತ್ತಿರಲಿಲ್ಲ.

ಈಗ ನನ್ನ ಎರಡನೆಯ ಅವಮಾನ. ಮೇಷ್ಟ್ರ ಪುಸ್ತಕ ಓದಿ, ಲೇಪಾಕ್ಷಿ ನೋಡಿ, ಮೋತಿಚಂದ್ರ, ಘುರ್ಯೆ, ರೋಶನ್ ಅಲ್ಕಾಜಿ ಇವರ ವೇಷಭೂಷಣದ ಗ್ರಂಥಗಳನ್ನು ತಿರುವಿಹಾಕಿ, ಬಹಳ ಹೆಮ್ಮೆಯಿಂದ ಕಬಾಯಿ ಹೊಲಿಸಿದೆ. ಬಿಳಿ ಬಟ್ಟೆ, ಚಿನ್ನದ ದುಂಡು ಹೂವು, ಮೊಣಕಾಲಿನ ಕೆಳಗಿನವರೆಗೆ ಇಳಿಯುವ ಉದ್ದ. ನಿಂತರೆ ಲೇಪಾಕ್ಷಿಯ ಚಾವಣಿಯೇ ಇಳಿದು ಬಂದಂತಿತ್ತು. ಎರಡನೆಯ ಅಂಕದಲ್ಲಿ ರಾಯ ಕತ್ತಿ ಎತ್ತಬೇಕು. ಕೈ ಮೇಲೆ ಹೋಯಿತು, ಕೈಯ ಜೊತೆ ಇಡೀ ಕಬಾಯಿಯೂ ಮೇಲೆ ಹೋಯಿತು. ಕುತ್ತಿಗೆಪಟ್ಟಿ ಗಲ್ಲಕ್ಕೆ ಬಂದು ನಿಂತಿತು. ಮೂರನೆಯ ಪ್ರಯೋಗದಲ್ಲಿ ಕಂಕುಳು ಪರ್ರೆಂದು ಹರಿಯಿತು. ಉದಯಗಿರಿಯ ಕೋಟೆ ಮುರಿಯುವ ಹೊತ್ತಿನಲ್ಲಿ ಸಭೆಯೆಲ್ಲ ನಗುತ್ತಿತ್ತು.

ನಮ್ಮ ಹಿರಿಯ ದರ್ಜಿಯನ್ನು ದೂರಿದೆ. ಅವರು ಶಾಂತವಾಗಿ ಹೇಳಿದರು: “ಚಿತ್ರ ಬರೆದವನು ಕಂಕುಳು ತೋರಿಸಿಲ್ಲವಲ್ಲ, ನಾನೇನು ಮಾಡಲಿ?”

ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ನಾನು ಓದಿದ ಅಷ್ಟೂ ಪುಸ್ತಕಗಳು ಉಡುಪಿನ ಹೊರಗೆರೆಯನ್ನು ಹೇಳಿದ್ದವು. ಅವುಗಳ ಆಧಾರ ಹೆಚ್ಚಾಗಿ ಶಿಲ್ಪ ಮತ್ತು ಚಿತ್ರ. ಒಳಗಿನ ಹೊಲಿಗೆಯನ್ನು ಹೇಳುವವರು ಬೇರೆ. ದರ್ಜಿಗೆ ಗೊತ್ತಿದ್ದದ್ದು ಇವತ್ತಿನ ಶೇರ್ವಾನಿಯ ಕತ್ತರಿಕೆ: ದುಂಡಗೆ ಕೊರೆದ ತೋಳಸಂದು, ಅದಕ್ಕೆ ಕೂರಿಸಿದ ತೋಳು. ಅದನ್ನೇ ಅವರು ಮಾಡಿದ್ದರು. ತಪ್ಪು ಅವರದಲ್ಲ.

ಇಲ್ಲಿ ಜಾನೆಟ್ ಆರ್ನಲ್ಡ್ ಎಂಬ ಇಂಗ್ಲಿಷ್ ಮಹಿಳೆಯ ಬಗ್ಗೆ ಹೇಳಲೇಬೇಕು. ಈ ದೊಡ್ಡ ತೆಳು ಪುಸ್ತಕ ಅವರದು, ‘ಪ್ಯಾಟರ್ನ್ಸ್ ಆಫ್ ಫ್ಯಾಷನ್’ ಸರಣಿಯದು. ಮೊದಲ ಸಂಪುಟ 1964ರಲ್ಲಿ ಬಂತು. ಅವರು ವಸ್ತುಸಂಗ್ರಹಾಲಯಗಳಿಗೆ ಹೋಗಿ, ಉಳಿದಿರುವ ನಿಜವಾದ ಉಡುಪುಗಳನ್ನು ಮೇಜಿನ ಮೇಲೆ ಹರಡಿ, ಎಳೆ ಯಾವ ಕಡೆಗೆ ಓಡುತ್ತದೆ, ಎಲ್ಲಿ ತುಂಡು ಸೇರಿಸಿದ್ದಾರೆ, ಒಳಗೆ ಯಾವ ಅಸ್ತರಿದೆ, ಯಾವ ಹೊಲಿಗೆ ಆಮೇಲಿನದು ಎಂಬುದನ್ನೆಲ್ಲ ಅಳೆದು ಚೌಕುಳಿ ಕಾಗದದ ಮೇಲೆ ಇಳಿಸಿದರು. ಎಂಟರಲ್ಲಿ ಒಂದರ ಪ್ರಮಾಣ. ಅಂದರೆ ಪುಟದ ಮೇಲಿನ ಒಂದು ಸಣ್ಣ ಚೌಕ ನಿಮ್ಮ ಬಟ್ಟೆಯ ಮೇಲೆ ಒಂದು ಅಂಗುಲ. 1985ರ ಸಂಪುಟದಲ್ಲಿ ಫ್ಲಾರೆನ್ಸಿನ ಎಲಿಯನೋರಾ ಎಂಬ ರಾಣಿಯಂಥ ಹೆಂಗಸಿನ ಉಡುಪಿನ ನಕ್ಷೆಯಿದೆ. 1562ರಲ್ಲಿ ಆಕೆಯನ್ನು ಹೂಳಿದಾಗ ಮೈಮೇಲಿದ್ದ ಉಡುಪು ಅದು, ಸಮಾಧಿಯಿಂದ ಚಿಂದಿಯಾಗಿ ಹೊರಬಂದದ್ದು. ಆ ಚಿಂದಿಯಿಂದ ಕತ್ತರಿಕೆಯ ಲೆಕ್ಕ ಹೊರತೆಗೆದಿದ್ದಾರೆ. ಆರ್ನಲ್ಡ್ 1998ರಲ್ಲಿ ತೀರಿಕೊಂಡರು. ಅವರ ಟಿಪ್ಪಣಿಗಳನ್ನಿಟ್ಟುಕೊಂಡು ಜೊತೆಗಾರರು ನಾಲ್ಕನೆಯ ಸಂಪುಟವನ್ನು 2008ರಲ್ಲಿ ಮುಗಿಸಿದರು.

ನಮ್ಮಲ್ಲಿ ಹೀಗೆ ಆಗುವುದು ಕಷ್ಟ. ಎಲಿಯನೋರಾ ಸತ್ತಾಗ ಇಲ್ಲಿ ಸದಾಶಿವರಾಯನ ಕಾಲ. ಆದರೆ ಚಿತೆ ಏರಿದವರ ಉಡುಪು ಯಾರಿಗೂ ಸಿಗುವುದಿಲ್ಲ. ಅರಮನೆಯ ಪೆಟ್ಟಿಗೆಗಳ ಗತಿ 1565ರಲ್ಲಿ ಏನಾಯಿತೆಂದು ಹಂಪಿಯ ಕಲ್ಲುಗಳನ್ನೇ ಕೇಳಬೇಕು. ಉಳಿದ ಬಟ್ಟೆಯನ್ನು ತೇವ ಮತ್ತು ಗೆದ್ದಲು ನೋಡಿಕೊಂಡವು.

ಹಾಗಾದರೆ ನನ್ನ ಕಂಕುಳನ್ನು ಹೊಲಿದವರು ಯಾರು? ಅಹಮದಾಬಾದಿನ ಕ್ಯಾಲಿಕೊ ಮ್ಯೂಸಿಯಂ ತನ್ನ ಸಂಗ್ರಹದ ಭಾರತೀಯ ಉಡುಪುಗಳ ಬಗ್ಗೆ 1993ರಲ್ಲಿ ಒಂದು ದೊಡ್ಡ ಗ್ರಂಥ ತಂದಿತು. ಬಿ.ಎನ್. ಗೋಸ್ವಾಮಿಯವರು ಬರೆದದ್ದು. ಅದರಲ್ಲಿ ಉಡುಪುಗಳ ಕತ್ತರಿಕೆಯ ರೇಖಾಚಿತ್ರಗಳಿವೆ. ಅವು ಹೆಚ್ಚಾಗಿ ಉತ್ತರದವು, ನಮ್ಮ ರಾಯರಿಗಿಂತ ಎಷ್ಟೋ ಈಚಿನವು. ಆದರೂ ಒಂದು ಕುಟುಂಬದ ಲಕ್ಷಣ ಕಾಣುತ್ತದೆ. ತೋಳಸಂದನ್ನು ದುಂಡಗೆ ಕೊರೆಯುವುದೇ ಇಲ್ಲ. ಮಗ್ಗದಿಂದ ಬಂದ ಬಟ್ಟೆಯ ಅಗಲವನ್ನು ನೇರವಾಗಿ ಕತ್ತರಿಸಿ, ನೇರ ತೋಳನ್ನು ನೇರ ಒಡಲಿಗೆ ಸೇರಿಸಿ, ಕಂಕುಳಿಗೆ ಓರೆಯಾಗಿ ಒಂದು ಚೌಕದ ತುಂಡು ಕೂರಿಸುತ್ತಾರೆ. ಕೈ ಎತ್ತಿದಾಗ ಆ ಚೌಕ ಬಿಚ್ಚಿಕೊಳ್ಳುತ್ತದೆ, ಅಂಗಿ ಇದ್ದಲ್ಲೇ ಇರುತ್ತದೆ. ಅಂಗೈಯಗಲದ ತುಂಡು ಅದು. ನೇಯ್ದ ಬಟ್ಟೆ ಬೆಲೆಬಾಳುವಂಥದ್ದು, ಆದ್ದರಿಂದ ಒಂದು ಎಳೆಯೂ ನೆಲಕ್ಕೆ ಬೀಳದಂತೆ ಕತ್ತರಿಸುತ್ತಿದ್ದರು. ಹೆಚ್ಚಿನ ಘೇರು ಬೇಕೆಂದರೆ ಪಕ್ಕಕ್ಕೆ ತ್ರಿಕೋನದ ತುಂಡುಗಳು. ಆಗ ನೂನಿಜ್‌ನ ಇನ್ನೊಂದು ಸಾಲು ನೆನಪಾಯಿತು. ಅರಸರು ಕೆಲವು ಸಲ ತೊಡುವ ಅಂಗಿ ‘ಪಾವಡೆ ಹಚ್ಚಿದ ಅಂಗಿಯ ಹಾಗೆ’ ಇರುತ್ತದೆ ಎಂದು ಅವನು ಹೇಳಿದ್ದ. ಮೊದಲ ಓದಿನಲ್ಲಿ ಅದನ್ನು ನಾನು ದಾಟಿ ಹೋಗಿದ್ದೆ. ಕಂಕುಳು ಹರಿದ ಮೇಲೆ ಓದಿದಾಗ ಅದು ದರ್ಜಿಗೆ ಕೊಟ್ಟ ಸೂಚನೆಯಂತೆ ಕೇಳಿಸಿತು. ಹೊಸ ಕಬಾಯಿಯನ್ನು ಹಾಗೆಯೇ ಹೊಲಿದೆವು. ನಲವತ್ತು ಪ್ರಯೋಗ ಆದವು, ಹರಿಯಲಿಲ್ಲ.

ಇದು ಹದಿನಾರನೆಯ ಶತಮಾನದ ಕಬಾಯಿಯೇ ಎಂದು ನಾನು ಆಣೆ ಮಾಡುವುದಿಲ್ಲ. ಪೋರ್ಚುಗೀಸನ ಒಂದು ಸಾಲು, ಲೇಪಾಕ್ಷಿಯ ಹೊರಗೆರೆ, ಗುಜರಾತಿನ ಸಂಗ್ರಹಾಲಯದ ಒಂದು ಕಂಕುಳು ಸೇರಿ ಆದ ಊಹೆ ಅದು. ಯಾವ ತುಂಡು ಎಲ್ಲಿಂದ ಬಂತೆಂದು ನನ್ನ ನೋಟ್‌ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ನಾಳೆ ಯಾರಾದರೂ ಒಂದು ತುಂಡು ತಪ್ಪು ಎಂದು ತೋರಿಸಿದರೆ ಅದೊಂದನ್ನೇ ಬಿಚ್ಚಬಹುದು.

ಬಟ್ಟೆಯ ಬಗ್ಗೆ ಎರಡು ಮಾತು. ಫೋರ್ಬ್ಸ್ ವಾಟ್ಸನ್ ಎಂಬ ಅಧಿಕಾರಿ 1866ರಲ್ಲಿ ಭಾರತದ ಬಟ್ಟೆಗಳ 700 ತುಂಡುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ 20 ಪ್ರತಿ ಮಾಡಿಸಿದ. 13 ಪ್ರತಿ ಬ್ರಿಟನ್ನಿನ ಊರುಗಳಿಗೆ, 7 ಪ್ರತಿ ಭಾರತಕ್ಕೆ. ಚಿತ್ರವಲ್ಲ, ಮುಟ್ಟಿ ನೋಡಬಹುದಾದ ಬಟ್ಟೆಯೇ. ಉದ್ದೇಶ ಮಾತ್ರ ನಮ್ಮ ಮೇಲಿನ ಪ್ರೀತಿಯಲ್ಲ. ಇಲ್ಲಿಯ ಜನ ಏನು ಉಡುತ್ತಾರೆಂದು ತಿಳಿದು ಅಲ್ಲಿಯ ಗಿರಣಿಗಳು ಅದನ್ನೇ ಮಾಡಿ ಇಲ್ಲಿಗೆ ಮಾರಲಿ ಎಂದು. ನಮ್ಮ ನೇಕಾರರ ಹೊಟ್ಟೆಯ ಮೇಲೆ ಹೊಡೆಯಲು ಮಾಡಿದ ಪುಸ್ತಕ ಇವತ್ತು ಅದೇ ನೇಕಾರರ ಕೈಕೆಲಸಕ್ಕೆ ಸಾಕ್ಷಿಯಾಗಿ ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ನಾಟಕ ಮಾಡುವವರು ಅದನ್ನು ನೋಡದಿರುವುದು ತಪ್ಪು. ನೋಡುವಾಗ ಕೋಪ ಬಂದರೆ ಬರಲಿ.

ಮೊಬೈಲಿನಲ್ಲಿ ಹುಡುಕಿದರೆ ಸಾವಿರ ಚಿತ್ರ ಸಿಗುತ್ತವಲ್ಲ ಎಂದು ನಿನ್ನೆ ನಿಮ್ಮಲ್ಲೊಬ್ಬರು ಕೇಳಿದಿರಿ. ಸಿಗುತ್ತವೆ. ಹೋದ ವರ್ಷ ನಾನೂ ಕೃಷ್ಣದೇವರಾಯನ ಉಡುಪು ಎಂದು ಹುಡುಕಿದೆ. ಬಂದ ಚಿತ್ರಗಳ ನಡುವೆ ಕಡುಗೆಂಪು ಮಖಮಲ್ಲು, ರಟ್ಟಿನ ಕಿರೀಟ, ಮೂತಿ ಬಾಗಿದ ಮೋಜಡಿ ತೊಟ್ಟ ನನ್ನದೇ ಹಳೆಯ ರಾಯ ನಿಂತಿದ್ದ. ಕೆಳಗೆ ‘ವಿಜಯನಗರ ಕಾಲದ ರಾಜೋಡುಪು’ ಎಂದು ಬರೆದಿತ್ತು.

ಇನ್ನು ಈ ಕುಲಾವಿ. ಇದನ್ನು ಹೊಲಿಯುವ ಬಗೆಯನ್ನು ಅಜ್ಜಿ ಎಲ್ಲಿಯೂ ಬರೆದಿಡಲಿಲ್ಲ, ಅವರಿಗೆ ಬರೆಯಲು ಬರುತ್ತಿರಲಿಲ್ಲ. ನಾನೂ ಇಷ್ಟು ವರ್ಷ ಬರೆದಿಡಲಿಲ್ಲ, ನನಗೆ ಬರೆಯಲು ಬರುತ್ತಿತ್ತು. ಚಹಾ ಬರುವುದಕ್ಕೆ ಇನ್ನು ಅರ್ಧ ಗಂಟೆಯಿದೆ. ಚೌಕುಳಿ ಕಾಗದ ಈ ತುದಿಯಿಂದ ಹಂಚುತ್ತಾರೆ, ಎಂಟರಲ್ಲಿ ಒಂದರ ಪ್ರಮಾಣ. ಕೈ ಒರೆಸಿಕೊಂಡು ಮುಟ್ಟಿ. ಎಷ್ಟು ತುಂಡು, ಎಳೆ ಯಾವ ಕಡೆ, ಒಳಗೆ ಯಾವ ಹಳೆಯ ಸೀರೆಯ ಬಟ್ಟೆ ಹಾಕಿದ್ದಾರೆ ಎಂದು ಬರೆಯಿರಿ. ಹೊಲಿಗೆ ಮಾತ್ರ ಬಿಚ್ಚಬೇಡಿ.